ಗುರುವಾರ ಭಜನೆ, ಮಂಗಳವಾರ ಡಾಕ್ಟರು: ಮನಸ್ಸಿನ ಕಾಯಿಲೆಗೆ ಯಾರ ಹತ್ತಿರ ಹೋಗುವುದು?

ನಮ್ಮ ಮಂಡಳಿಯ ಭಜನೆ ಗುರುವಾರ. ನಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋರೋಗದ ಡಾಕ್ಟರು ಬರುವುದು ಮಂಗಳವಾರ. ಗುರುವಾರದಿಂದ ಮಂಗಳವಾರಕ್ಕೆ ಐದೇ ದಿನ. ಆ ಐದು ದಿನ ದಾಟಲು ನನಗೆ ಏಳು ತಿಂಗಳು ಬೇಕಾಯಿತು.

ಅಷ್ಟೂ ತಿಂಗಳು ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತಿತ್ತು. ಎದ್ದು ದೇವರ ಮನೆಯಲ್ಲಿ ಕೂರುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ಭಜನೆಯಲ್ಲಿ ಕೈ ತನ್ನ ಪಾಡಿಗೆ ತಾಳ ಹಾಕುತ್ತಿತ್ತು, ಒಳಗೆ ಮಾತ್ರ ಏನೂ ಇರಲಿಲ್ಲ. ಹೇಳಿಕೊಂಡಾಗ ಒಬ್ಬರು "ಜಪ ಜಾಸ್ತಿ ಮಾಡಿ" ಎಂದರು. ಇನ್ನೊಬ್ಬರು ಸಾಡೇಸಾತಿ ಎಂದರು. ಮತ್ತೊಬ್ಬರು ಬೆನ್ನು ಸವರುತ್ತಾ, "ಇಷ್ಟು ವರ್ಷದ ಸಾಧನೆ ಎಲ್ಲಿ ಹೋಯ್ತಮ್ಮಾ?" ಎಂದರು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಆದರೆ ಆ ಕೊನೆಯ ಮಾತು ನನ್ನ ಜೊತೆ ಮನೆಗೂ ಬಂತು, ರಾತ್ರಿ ಎರಡು ಗಂಟೆಗೂ ಬಂತು.

ಕೊನೆಗೆ ಮಂಡಳಿಯ ಹಿರಿಯ ಅಕ್ಕ ಒಬ್ಬರು ಬೇರೆಯದೇ ಪ್ರಶ್ನೆ ಕೇಳಿದರು. "ರಾತ್ರಿ ಎಷ್ಟು ಗಂಟೆ ಮಲಗ್ತೀಯ? ತೂಕ ಎಷ್ಟು ಇಳೀತು?" ಉತ್ತರ ಕೇಳಿ, "ಇದು ಜಪದಿಂದ ಹೋಗೋದಲ್ಲ, ಮಂಗಳವಾರ ನಾನೂ ಬರ್ತೀನಿ" ಎಂದರು.

ನಾನು ಡಾಕ್ಟರಲ್ಲ. ಸತ್ಸಂಗ, ಮಠ, ಭಜನಾ ಮಂಡಳಿ, ಚರ್ಚಿನ ಪ್ರಾರ್ಥನಾ ಗುಂಪು, ದರ್ಗಾ, ಇಂಥದ್ದೊಂದರ ಒಳಗೆ ಇದ್ದುಕೊಂಡೇ ಚಿಕಿತ್ಸೆ ಬೇಕಾದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ದೇವರೋ ಡಾಕ್ಟರೋ ಎಂದು ಆರಿಸುವ ಪ್ರಶ್ನೆ ಇಲ್ಲಿಲ್ಲ. ಯಾವ ತೊಂದರೆಗೆ ಯಾವ ಬಾಗಿಲು ಮೊದಲು ತಟ್ಟಬೇಕು ಎಂಬುದಷ್ಟೇ ಪ್ರಶ್ನೆ.

ಮೊದಲು ತೊಂದರೆ ಯಾವುದು ನೋಡಿ

ಮನೆಯಲ್ಲಿ ಸಾವಾಗಿದೆ, ಮಗಳ ಮದುವೆ ಮುರಿದಿದೆ, ಕೆಲಸ ಹೋಗಿದೆ. ಅಳು ಬರುತ್ತದೆ, ಆದರೂ ಹೊಟ್ಟೆ ಹಸಿಯುತ್ತದೆ, ಯಾರಾದರೂ ಬಂದರೆ ಸ್ವಲ್ಪ ಹೊತ್ತು ಹಗುರವಾಗುತ್ತದೆ. ಇಂಥ ಹೊತ್ತಿನಲ್ಲಿ ಮೊದಲು ಗುರುಗಳ ಹತ್ತಿರ ಹೋದರೆ ತಪ್ಪೇನಿಲ್ಲ. ಹದಿಮೂರು ದಿನದ ಕಾರ್ಯವನ್ನು ನಮ್ಮ ಹಿರಿಯರು ಸುಮ್ನೆ ಇಟ್ಟಿಲ್ಲ. ಆ ದಿನಗಳಲ್ಲಿ ಮನೆಯಲ್ಲಿ ಜನ ಇರುತ್ತಾರೆ, ಊಟ ತಾನಾಗಿ ಬರುತ್ತದೆ, ಸತ್ತವರ ಹೆಸರು ಎಲ್ಲರ ಬಾಯಲ್ಲೂ ಇರುತ್ತದೆ.

ಎರಡು ವಾರ ಕಳೆದರೂ ದಿನದ ಬಹುಪಾಲು ಹೊತ್ತು ಮಂಕು, ಯಾವುದರಲ್ಲೂ ರುಚಿಯಿಲ್ಲ, ನಿದ್ದೆಯಿಲ್ಲ, ಊಟ ಬೇಡ, ಕೆಲಸಕ್ಕೆ ಕೈ ಏಳುವುದಿಲ್ಲ ಎಂದಾದರೆ ಆಗ ಡಾಕ್ಟರಿಗೆ ತೋರಿಸಿ. ಖಿನ್ನತೆಯನ್ನು ಗುರುತಿಸಲು ಅವರು ನೋಡುವ ಅವಧಿಯೂ ಸುಮಾರು ಅಷ್ಟೇ, ಎರಡು ವಾರ. ಏಳು ತಿಂಗಳಲ್ಲ.

ಎರಡು ವಾರವೂ ಕಾಯಬಾರದ ಸಂದರ್ಭಗಳಿವೆ. ಸಾಯುವ ಮಾತು, ಅದಕ್ಕೆ ತಯಾರಿ. ಯಾರೂ ಇಲ್ಲದ ಕಡೆಯಿಂದ ಧ್ವನಿ ಕೇಳುವುದು. ಮನೆಯವರೇ ವಿಷ ಹಾಕುತ್ತಿದ್ದಾರೆ ಎಂಬ ಗಟ್ಟಿ ನಂಬಿಕೆ. ನಾಲ್ಕೈದು ದಿನ ನಿದ್ದೆಯೇ ಇಲ್ಲ, ಆದರೂ ಆಯಾಸವಿಲ್ಲ, ಮಾತು ನಿಲ್ಲುವುದಿಲ್ಲ, ತಾನೇ ಅವತಾರ ಎನ್ನುವುದು. ಈ ಕೊನೆಯದು ನಮ್ಮಂಥ ಗುಂಪುಗಳಲ್ಲಿ ತಡವಾಗಿ ಗೊತ್ತಾಗುತ್ತದೆ. ಮೊದಲ ಎರಡು ದಿನ ಎಲ್ಲರೂ ಅದನ್ನು ಅನುಗ್ರಹ ಎಂದುಕೊಳ್ಳುತ್ತಾರೆ. ಕಾಲಿಗೆ ಬೀಳುವವರೂ ಇರುತ್ತಾರೆ.

ಇನ್ನು ಬಾಣಂತಿ. ಹೆರಿಗೆಯಾಗಿ ಎರಡು ಮೂರು ವಾರದೊಳಗೆ ಬಾಣಂತಿ ಅಸಂಬದ್ಧವಾಗಿ ಮಾತಾಡತೊಡಗಿದರೆ, ಮಗುವನ್ನು ತನ್ನದಲ್ಲ ಎಂದರೆ, 'ಗಾಳಿ ಸೋಕಿದೆ' ಎಂದು ಅಂತ್ರ ಕಟ್ಟಿಸಿ ಕೂರಬೇಡಿ. ಹಳಬರು ಬಾಣಂತಿ ಸನ್ನಿ ಎನ್ನುತ್ತಿದ್ದದ್ದು ಇಂಥದ್ದನ್ನೇ. ಇದು ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ಕಾಯಿಲೆ. ಬೇಗ ಹೋದರೆ ಚೆನ್ನಾಗಿ ಗುಣವಾಗುತ್ತದೆ. ವಯಸ್ಸಾದವರು ಒಂದೆರಡು ದಿನದಲ್ಲೇ ದಿಕ್ಕುತಪ್ಪಿ ಮಾತಾಡಿದರೂ ಹಾಗೆಯೇ. ಸೋಡಿಯಂ ಇಳಿದಿರಬಹುದು, ಮೂತ್ರದ ಸೋಂಕಿರಬಹುದು. ಮೊದಲು ರಕ್ತ ಪರೀಕ್ಷೆ, ಆಮೇಲೆ ಪ್ರಶ್ನೆ ಕೇಳಿಸುವುದು.

ರಕ್ತ ಪರೀಕ್ಷೆಯ ಮಾತು ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ಶುದ್ಧ ಸಸ್ಯಾಹಾರಿಗಳಲ್ಲಿ, ಅದರಲ್ಲೂ ಹಾಲು ಮೊಸರು ಬಿಟ್ಟವರಲ್ಲಿ, ಬಿ12 ಕಡಿಮೆಯಾಗುವುದು ಸಾಮಾನ್ಯ. ಸುಸ್ತು, ಮರೆವು, ಮಂಕು ಇದರಿಂದಲೂ ಬರುತ್ತವೆ. ಥೈರಾಯ್ಡ್ ಕೂಡ ಹಾಗೆಯೇ ಕಾಡುತ್ತದೆ. 'ವೈರಾಗ್ಯ ಬಂದಿದೆ' ಎಂದುಕೊಳ್ಳುವ ಮೊದಲು ಇವೆರಡನ್ನು ನೋಡಿಸಿಕೊಳ್ಳಿ.

ಗುರುಗಳು, ಮಂಡಳಿ, ದೇವಸ್ಥಾನ: ಏನು ಸಿಗುತ್ತದೆ, ಏನು ಸಿಗುವುದಿಲ್ಲ

ದೇವಸ್ಥಾನದಿಂದ ಏನೂ ಆಗುವುದಿಲ್ಲ ಎನ್ನುವವರನ್ನು ನಾನು ಒಪ್ಪುವುದಿಲ್ಲ. ನಿಮ್ಹಾನ್ಸ್‌ನ ಸಂಶೋಧಕರೇ ತಮಿಳುನಾಡಿನ ಹಳ್ಳಿಯೊಂದರ ದೇವಸ್ಥಾನದಲ್ಲಿ ಬಂದು ಉಳಿದಿದ್ದ 31 ಮಂದಿ ಮಾನಸಿಕ ರೋಗಿಗಳನ್ನು ಅಧ್ಯಯನ ಮಾಡಿ, 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಅಲ್ಲಿ ಹೊಡೆತವಿಲ್ಲ, ಭೂತ ಬಿಡಿಸುವುದಿಲ್ಲ. ಬೆಳಿಗ್ಗೆ ಒಂದು ಪುಟ್ಟ ಪೂಜೆ. ಆಮೇಲೆ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು. ಜೊತೆಯಲ್ಲಿ ಮನೆಯವರೊಬ್ಬರು. ಸರಾಸರಿ ಆರು ವಾರ ಇದ್ದವರ ಲಕ್ಷಣಗಳು ಸುಮಾರು ಶೇ. 20ರಷ್ಟು ಇಳಿದಿದ್ದವು. ಕಡಿಮೆಯೇನಲ್ಲ. ಬೈಗುಳವಿಲ್ಲದ, ಹೆದರಿಸದ, ಧೈರ್ಯ ಕೊಡುವ ಜಾಗ ಸಿಕ್ಕಿದ್ದೇ ಗುಣ ಕೊಟ್ಟಿತು ಎಂಬುದು ಅವರ ಅಂದಾಜು.

ಅಂದರೆ ಗುಂಪು ಕೊಡುವುದು ಇದನ್ನೇ. ಹಾಡುವಾಗ ಒಂದು ಗಂಟೆ ತಲೆ ಸುಮ್ಮನಿರುತ್ತದೆ. ಹೋಗದಿದ್ದರೆ 'ಯಾಕೆ ಬರಲಿಲ್ಲ' ಎಂದು ಫೋನ್ ಬರುತ್ತದೆ. ಒಂಟಿಯಾಗಿರುವವರಿಗೆ ಆ ಫೋನ್ ದೊಡ್ಡದು. ಖರ್ಚೂ ಇಲ್ಲ.

ಆದರೆ ಇಲ್ಲದ ಧ್ವನಿ ಕೇಳಿಸುವ, ಭ್ರಮೆ ಹಿಡಿಸುವ ಸ್ಕಿಜೋಫ್ರೇನಿಯಾ, ಒಮ್ಮೆ ಮಂಕು ಒಮ್ಮೆ ಅತಿ ಹುರುಪು ಬರುವ ಬೈಪೋಲಾರ್, ತೀವ್ರ ಖಿನ್ನತೆ ಇವಕ್ಕೆ ಔಷಧಿ ಬೇಕು. ಗುಂಪಿನ ಪ್ರೀತಿ ಎಷ್ಟಿದ್ದರೂ ಔಷಧಿಯ ಜಾಗ ತುಂಬುವುದಿಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುತ್ತಾ ಪಾರಾಯಣ ಮಾಡುವವರನ್ನು ಯಾರೂ 'ನಂಬಿಕೆ ಸಾಲದು' ಎನ್ನುವುದಿಲ್ಲ ಅಲ್ವಾ? ಅದೇ ಲೆಕ್ಕ ಇಲ್ಲಿ ಯಾಕೆ ತಪ್ಪುತ್ತದೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಗಾಣಗಾಪುರಕ್ಕೆ ಹೋದವರು ಮಧ್ಯಾಹ್ನದ ಆರತಿ ಹೊತ್ತಿಗೆ ಕಂಬ ಹತ್ತಿ ಕೂಗುವವರನ್ನು ನೋಡಿರುತ್ತೀರಿ. ಅವರಲ್ಲಿ ಕೆಲವರಿಗೆ ಆಮೇಲೆ ನಿಜಕ್ಕೂ ಹಗುರವಾಗುತ್ತದೆ. ಅತ್ತೆ ಮನೆಯಲ್ಲಿ ಹತ್ತು ವರ್ಷ ಬಾಯಿ ತೆರೆಯದ ಸೊಸೆ ಅಲ್ಲಿ ದೇವರ ಹೆಸರಲ್ಲಿ ಎಲ್ಲರನ್ನೂ ಬಯ್ಯಬಹುದು, ಯಾರೂ ತಿರುಗಿ ಹೇಳುವುದಿಲ್ಲ. ಆದರೆ ಊರಿಗೆ ವಾಪಸು ಹೋದರೆ ಅದೇ ಮನೆ. ಹಾಗಾಗಿ ಹರಕೆ ಮುಗಿಸಿ ಬಂದ ಮೇಲೂ ಒಬ್ಬ ಮನಃಶಾಸ್ತ್ರಜ್ಞರ ಹತ್ತಿರ ಕೂತು ಆ ಮನೆಯ ಮಾತು ಆಡುವುದು ಒಳ್ಳೆಯದು ಎನ್ನುತ್ತೇನೆ.

ಎಂಥ ಜಾಗದಿಂದ ಎದ್ದು ಬರಬೇಕು? ನನ್ನದು ಒಂದೇ ಪರೀಕ್ಷೆ. 'ಗುಳಿಗೆ ನಿಲ್ಲಿಸು' ಎಂದರೆ ಎದ್ದು ಬನ್ನಿ. ಹೇಳಿದವರು ಎಷ್ಟೇ ದೊಡ್ಡವರಿರಲಿ. ಒಳ್ಳೆಯ ಗುರುಗಳು, ಒಳ್ಳೆಯ ಪಾದ್ರಿಗಳು, ಒಳ್ಳೆಯ ಮೌಲವಿಗಳು 'ಡಾಕ್ಟರಿಗೂ ತೋರಿಸಿ' ಎಂದೇ ಹೇಳುತ್ತಾರೆ. ಅವರೇ ಮೊದಲು ಹೇಳದಿದ್ದರೆ ನೀವೇ ಕೇಳಿ: "ನಾನು ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ, ನಿಮ್ಮ ಆಶೀರ್ವಾದ ಬೇಕು." ಅಪ್ಪಣೆ ಕೇಳಬೇಡಿ, ಆಶೀರ್ವಾದ ಕೇಳಿ. ಆಶೀರ್ವಾದ ಕೊಡಲು ಹಿಂಜರಿದರೆ ಆ ಜಾಗ ಎಂಥದ್ದು ಎಂದು ಅಲ್ಲೇ ಗೊತ್ತಾಗುತ್ತದೆ.

ಕಟ್ಟಿಹಾಕುವುದು, ಹೊಡೆಯುವುದು, ಹೊಗೆ ಹಾಕುವುದು ಕಂಡರಂತೂ ಎರಡನೇ ಯೋಚನೆ ಬೇಡ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಹತ್ತಿರವಿದ್ದ ಖಾಸಗಿ ಆಶ್ರಯ ಮನೆಯೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿದ್ದ 28 ಮಂದಿ ಓಡಲಾರದೆ ಸತ್ತರು. ಮಾನಸಿಕ ರೋಗಿಗಳನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ದೆವ್ವ ಬಿಡಿಸುವ ಹೆಸರಿನಲ್ಲಿ ಹಿಂಸೆ ಮಾಡುವುದು ಕರ್ನಾಟಕದ ಮೌಢ್ಯ ನಿಷೇಧ ಕಾಯ್ದೆಯಲ್ಲೂ ಅಪರಾಧ. ದರ್ಗಾಗಳೆಲ್ಲ ಹೀಗೆ ಎಂದಲ್ಲ. ಗುಜರಾತಿನ ಮೀರಾ ದಾತಾರ್ ದರ್ಗಾದಲ್ಲಿ 'ದವಾ ಔರ್ ದುವಾ' ಎಂಬ ಹೆಸರಲ್ಲಿ ಹರಕೆಗೆ ಬಂದವರಿಗೆ ಅಲ್ಲೇ ಮನೋವೈದ್ಯರ ಚಿಕಿತ್ಸೆಯೂ ಸಿಗುವ ಏರ್ಪಾಡು ನಡೆದಿದೆ. ಪ್ರಾರ್ಥನೆಯೂ ಉಂಟು, ಔಷಧಿಯೂ ಉಂಟು.

ಧ್ಯಾನ ಶಿಬಿರಕ್ಕೆ ಹೋಗಲೋ, ಥೆರಪಿಗೆ ಹೋಗಲೋ?

ಈ ಪ್ರಶ್ನೆ ಈಗೀಗ ಜಾಸ್ತಿ. ಶಿಬಿರಕ್ಕೆ ಹೋಗಿದ್ದೆ ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ, ಮನೋವೈದ್ಯರ ಹತ್ತಿರ ಹೋಗಿದ್ದೆ ಎನ್ನಲು ನಾಚಿಕೆ. ಹಾಗಾಗಿ ಡಾಕ್ಟರಿಗೆ ತೋರಿಸಬೇಕಾದವರು ಹತ್ತು ದಿನ ಮೌನಕ್ಕೆ ಹೆಸರು ಕೊಡುತ್ತಾರೆ.

ಸಣ್ಣ ಪುಟ್ಟ ಆತಂಕಕ್ಕೆ, ಸಿಟ್ಟಿಗೆ, ಕೆಲಸದ ಒತ್ತಡಕ್ಕೆ ದಿನಕ್ಕೆ ಇಪ್ಪತ್ತು ನಿಮಿಷದ ಪ್ರಾಣಾಯಾಮ, ಯೋಗ ಒಳ್ಳೆಯದೇ. ನಿಮ್ಹಾನ್ಸ್‌ನಲ್ಲೇ ಯೋಗ ಮತ್ತು ಆಯುರ್ವೇದಕ್ಕೆ ಪ್ರತ್ಯೇಕ ವಿಭಾಗವಿದೆ. ಅಲ್ಲಿ ಯೋಗವನ್ನು ಔಷಧಿಯ ಜೊತೆಗೆ ಕೊಡುತ್ತಾರೆ, ಔಷಧಿಯ ಬದಲಿಗಲ್ಲ.

ದಿನಕ್ಕೆ ಹತ್ತು ಗಂಟೆ ಕಣ್ಣು ಮುಚ್ಚಿ ಕೂರುವುದು ಬೇರೆಯೇ ಮಾತು. ಹಿಂದೆ ಭ್ರಮೆ ಬಂದವರಿಗೆ, ಬೈಪೋಲಾರ್ ಇರುವವರಿಗೆ, ಈಗ ತೀವ್ರ ಖಿನ್ನತೆಯಲ್ಲಿರುವವರಿಗೆ ಅದರಿಂದ ಕಾಯಿಲೆ ಕೆರಳಬಹುದು. ವಿಪಶ್ಯನದ ಹತ್ತು ದಿನದ ಶಿಬಿರಗಳ ಅರ್ಜಿಯಲ್ಲೇ ಮಾನಸಿಕ ಕಾಯಿಲೆ, ಔಷಧಿ ಬಗ್ಗೆ ಕೇಳುತ್ತಾರೆ. ಆ ಜಾಗ ಖಾಲಿ ಬಿಡಬೇಡಿ, ಸುಳ್ಳು ಬರೆಯಬೇಡಿ. ಅವರು 'ಈಗ ಬೇಡ' ಎಂದರೆ ಅದು ಅವಮಾನವಲ್ಲ. ಹಾಗೆ ಕೇಳುವ ಶಿಬಿರವೇ ವಾಸಿ. ಏನನ್ನೂ ಕೇಳದೆ ದುಡ್ಡು ಕಟ್ಟಿಸಿಕೊಂಡು ಒಳಗೆ ಬಿಡುವ ಕಡೆ ನನಗೆ ಹೆದರಿಕೆ ಜಾಸ್ತಿ.

ಕಾಯಿಲೆಯೇ ಪೂಜೆಯ ವೇಷ ಹಾಕಿದಾಗ

ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಯಾಕೆಂದರೆ ಭಕ್ತರ ಮನೆಗಳಲ್ಲಿ ಇದು ವರ್ಷಗಟ್ಟಲೆ ಬಚ್ಚಿಟ್ಟುಕೊಂಡಿರುತ್ತದೆ.

ಪೂಜೆಗೆ ಕೂತರೆ ದೇವರ ಬಗ್ಗೆಯೇ ಅಸಹ್ಯ ಯೋಚನೆ ಬರುತ್ತದೆ. ಬೇಡ ಎಂದಷ್ಟೂ ಬರುತ್ತದೆ. ಪಾಪ ತೊಳೆಯಲು ಮಂತ್ರ ಮೊದಲಿಂದ ಹೇಳಬೇಕು. ಮಧ್ಯೆ ಮತ್ತೆ ಬಂತು, ಮತ್ತೆ ಮೊದಲಿಂದ. ಅಥವಾ ಮಡಿ. ಬಾವಿ ನೀರೋ ನಲ್ಲಿ ನೀರೋ, ಬಟ್ಟೆ ತಾಗಿತೋ ಇಲ್ಲವೋ, ಮತ್ತೆ ಸ್ನಾನ. ದಿನಕ್ಕೆ ಮೂರು ನಾಲ್ಕು ಗಂಟೆ ಹೀಗೇ ಹೋಗುತ್ತದೆ. ಮನೆಯವರು ಹೆಮ್ಮೆಯಿಂದ 'ನಮ್ಮತ್ತೆ ಬಹಳ ಮಡಿ' ಎನ್ನುತ್ತಾರೆ. ಅತ್ತೆಯ ಕೈಯ ಚರ್ಮ ಸುಲಿದಿರುತ್ತದೆ.

ಡಾಕ್ಟರು ಇದಕ್ಕೆ ಓಸಿಡಿ ಎನ್ನುತ್ತಾರೆ, ಕನ್ನಡದಲ್ಲಿ ಗೀಳು ಕಾಯಿಲೆ. 'ಜಪ ಹೆಚ್ಚಿಸಿ' ಎಂಬ ಸಲಹೆ ಇಲ್ಲಿ ಬೆಂಕಿಗೆ ತುಪ್ಪ. ಪ್ರತಿ ಸಲ ಮಂತ್ರ ಹೇಳಿ ಹೆದರಿಕೆ ಇಳಿಸಿಕೊಂಡಾಗಲೂ ಮುಂದಿನ ಸಲ ಹೆದರಿಕೆ ಇನ್ನೂ ಬೇಗ ಬರುತ್ತದೆ. ಇದಕ್ಕೆ ಒಳ್ಳೆಯ ಔಷಧಿಗಳಿವೆ. ಒಂದು ಬಗೆಯ ತರಬೇತಿಯೂ ಇದೆ: ಯೋಚನೆ ಬಂದರೆ ಬರಲಿ ಎಂದು ಬಿಟ್ಟು, ಮಂತ್ರವನ್ನು ಮತ್ತೆ ಹೇಳದೆ, ಕೈ ತೊಳೆಯದೆ, ಹೆದರಿಕೆ ತಾನಾಗಿ ಇಳಿಯುವವರೆಗೆ ಕೂರುವುದು. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಹಂತಹಂತವಾಗಿ ಇದನ್ನು ಮಾಡಿಸುತ್ತಾರೆ. ನಿಮ್ಹಾನ್ಸ್‌ನಲ್ಲಿ ಈ ಕಾಯಿಲೆಗೆಂದೇ ಒಂದು ಕ್ಲಿನಿಕ್ ಇದೆ.

ಇಲ್ಲಿ ಗುರುಗಳಿಂದ ಡಾಕ್ಟರಿಗೂ ಆಗದ ಒಂದು ಉಪಕಾರ ಆಗುತ್ತದೆ. ಎಷ್ಟು ಸಲ ಸ್ನಾನ ಮಾಡಿದರೆ ಸಾಕು, ಮಂತ್ರ ತಪ್ಪಿದರೆ ಏನು ಎಂಬ ಪ್ರಶ್ನೆಗೆ ಅವರ ಉತ್ತರಕ್ಕೆ ತೂಕವಿದೆ. 'ಒಂದು ಸಲ ಸಾಕು, ಮಿಕ್ಕಿದ್ದು ದೇವರಿಗೆ ಬಿಡು' ಎಂದು ಅವರು ಒಮ್ಮೆ ಹೇಳಿದರೆ ಥೆರಪಿ ಮಾಡುವವರ ಕೆಲಸ ಅರ್ಧ ಹಗುರ. ಆದರೆ ಒಮ್ಮೆ ಮಾತ್ರ. ದಿನಾ ಫೋನ್ ಮಾಡಿ ಅದನ್ನೇ ಕೇಳುವುದೂ ಗೀಳಿನ ಭಾಗವೇ. ಗುರುಗಳಿಗೆ ಇದನ್ನು ಮನೆಯವರು ಮೊದಲೇ ತಿಳಿಸಿರಬೇಕು.

ಸೈಕಿಯಾಟ್ರಿಸ್ಟ್, ಸೈಕಾಲಜಿಸ್ಟ್, ಕೌನ್ಸೆಲರ್

ಮೂವರೂ ಒಂದೇ ಅಲ್ಲ. ಸೈಕಿಯಾಟ್ರಿಸ್ಟ್ ಎಂದರೆ ಎಂಬಿಬಿಎಸ್ ಓದಿ ಆಮೇಲೆ ಮನೋವೈದ್ಯಶಾಸ್ತ್ರ ಓದಿದ ಡಾಕ್ಟರು. ಗುಳಿಗೆ ಬರೆಯುವವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಚಿಕಿತ್ಸೆ ಮಾಡುತ್ತಾರೆ, ಗುಳಿಗೆ ಬರೆಯುವುದಿಲ್ಲ. ಅವರಿಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇರಬೇಕು, ಸಂಖ್ಯೆ ಕೇಳಿದರೆ ಬೇಜಾರಾಗಬಾರದು. ಕೌನ್ಸೆಲರ್ ಎಂಬ ಬೋರ್ಡಿನ ಹಿಂದೆ ಮಾತ್ರ ಯಾರಾದರೂ ಇರಬಹುದು. ಎರಡು ವರ್ಷ ಎಂಎಸ್ಸಿ ಓದಿ ಹಿರಿಯರ ಕೈಕೆಳಗೆ ಪಳಗಿದವರೂ ಇರುತ್ತಾರೆ, ಎರಡು ವಾರಾಂತ್ಯದ ಸರ್ಟಿಫಿಕೇಟ್ ತಂದವರೂ ಇರುತ್ತಾರೆ. ಏನು ಓದಿದ್ದೀರಿ ಎಂದು ಕೇಳಿ.

ನಿದ್ದೆ, ಊಟ, ತೂಕ ಕೆಟ್ಟಿದ್ದರೆ, ಭ್ರಮೆ ಇದ್ದರೆ, ಸಾಯುವ ಯೋಚನೆ ಇದ್ದರೆ ಮೊದಲು ಸೈಕಿಯಾಟ್ರಿಸ್ಟ್. ಗಂಡ ಹೆಂಡಿರ ಜಗಳ, ಹಳೆಯ ನೋವು, ಪ್ಯಾನಿಕ್ (ಇದ್ದಕ್ಕಿದ್ದಂತೆ ಎದೆ ಹೊಡೆದುಕೊಂಡು ಬರುವ ವಿಪರೀತ ಹೆದರಿಕೆ), ಗೀಳು ಇವಕ್ಕೆ ಸೈಕಾಲಜಿಸ್ಟ್‌ರಿಂದ ಶುರು ಮಾಡಬಹುದು. ಬೇಕೆನಿಸಿದರೆ ಅವರೇ ಸೈಕಿಯಾಟ್ರಿಸ್ಟ್ ಹತ್ತಿರ ಕಳಿಸುತ್ತಾರೆ.

ಮಠ, ಆಶ್ರಮ, ಸಂಸ್ಥೆಗಳಲ್ಲೇ ಕೌನ್ಸೆಲರ್ ಇರುವುದು ಈಗ ಹೊಸತಲ್ಲ. ಅನುಕೂಲ ಇದೆ. ನಿಮ್ಮ ವ್ರತ, ನಿಮ್ಮ ಭಾಷೆ, ನಿಮ್ಮ ಗುರುಗಳು ಯಾರು ಎಂದು ಮೊದಲಿಂದ ವಿವರಿಸಬೇಕಿಲ್ಲ. ಆದರೆ ನಿಮ್ಮ ನೋವಿಗೆ ಕಾರಣ ಆ ಸಂಸ್ಥೆಯೇ ಆಗಿದ್ದರೆ? ಅಲ್ಲಿಯ ಯಾರೋ ಹಿರಿಯರೇ ಆಗಿದ್ದರೆ? ಮೊದಲ ದಿನವೇ ಕೇಳಿ: "ನಾನು ಹೇಳಿದ್ದು ಗುರುಗಳಿಗೆ, ವ್ಯವಸ್ಥಾಪಕರಿಗೆ ಹೋಗುತ್ತದಾ?" ಉತ್ತರ ತಡವರಿಸಿದರೆ ಹೊರಗಿನವರನ್ನು ಹುಡುಕಿ. ನನ್ನನ್ನು ಕೇಳಿದರೆ, ಇಡೀ ಬದುಕೇ ಸಂಸ್ಥೆಯ ಒಳಗಿರುವವರು, ಅಲ್ಲೇ ಉಳಿದು ಸೇವೆ ಮಾಡುವವರು, ಹೊರಗಿನವರ ಹತ್ತಿರವೇ ಹೋಗಬೇಕು.

ಧರ್ಮದವರೂ ಡಾಕ್ಟರರೂ ಒಟ್ಟಿಗೆ ಕೂತು ಕೆಲಸ ಮಾಡಿದ ಹಳೆಯ ಉದಾಹರಣೆ ಬೆಂಗಳೂರಿನಲ್ಲೇ ಇದೆ. 1964ರಲ್ಲಿ ಶುರುವಾದ ಮೆಡಿಕೋ ಪ್ಯಾಸ್ಟೋರಲ್ ಅಸೋಸಿಯೇಶನ್. ಹೆಸರಿನಲ್ಲೇ ವೈದ್ಯರೂ ಇದ್ದಾರೆ, ಪಾದ್ರಿಗಳೂ ಇದ್ದಾರೆ. ಆಸ್ಪತ್ರೆಯಿಂದ ಬಂದವರು ಮನೆಗೆ ಹೋಗುವ ಮೊದಲು ಕೆಲಕಾಲ ಇದ್ದು ಚೇತರಿಸಿಕೊಳ್ಳುವ ಮನೆಯನ್ನು ಅವರು ನಡೆಸುತ್ತಾ ಬಂದಿದ್ದಾರೆ.

ಕುಡಿತದ ವಿಚಾರಕ್ಕೆ ಬಂದರೆ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಜೊತೆ ನಡೆಯುವ ಮದ್ಯವರ್ಜನ ಶಿಬಿರಗಳು ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಭಜನೆ, ಊಟ, ಮನೆಯವರ ಮುಂದೆ ಪ್ರತಿಜ್ಞೆ. ಇದರಿಂದ ಬಿಟ್ಟವರನ್ನು ನಾನೇ ಬಲ್ಲೆ. ಒಂದು ಎಚ್ಚರಿಕೆ ಮಾತ್ರ ಬೇಕು. ದಿನಾ ಬೆಳಿಗ್ಗೆಯಿಂದ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಬಹುದು, ಜೀವಕ್ಕೂ ಅಪಾಯ. ಅಂಥವರನ್ನು ಮೊದಲು ಆಸ್ಪತ್ರೆಗೆ ಸೇರಿಸಿ, ದೇಹ ತಹಬಂದಿಗೆ ಬಂದ ಮೇಲೆ ಶಿಬಿರ.

ಎಲ್ಲಿಗೆ ಹೋಗುವುದು

ಮನೆಯಿಂದ ಹೊರಗೆ ಕಾಲಿಡಲೂ ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂದು ಹೆಸರು, 2022ರ ಅಕ್ಟೋಬರ್ 10ರಂದು ಶುರುವಾಯಿತು. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಎರಡು ಗಂಟೆಗೆ ದೇವರ ಮನೆಯಲ್ಲಿ ಒಬ್ಬರೇ ಕೂತವರಿಗೆ ಇದು ಗೊತ್ತಿರಬೇಕು. ಜೀವಕ್ಕೆ ಅಪಾಯ ಎನಿಸಿದರೆ ಫೋನಿನಲ್ಲಿ ಕಾಯುವುದು ಬೇಡ, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ, ಇಲ್ಲವೇ 108ಕ್ಕೆ ಫೋನ್ ಮಾಡಿ.

ಊರಿನ ಹತ್ತಿರ ಬೇಕೆಂದರೆ ತಾಲ್ಲೂಕು ಆಸ್ಪತ್ರೆ. ಮನೋಚೈತನ್ಯ ಎಂಬ ರಾಜ್ಯದ ಕಾರ್ಯಕ್ರಮದಲ್ಲಿ ತಜ್ಞರು ಮಂಗಳವಾರ ಬಂದು ನೋಡುತ್ತಾರೆ. ನಿಮ್ಮಲ್ಲಿ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಜಿಲ್ಲಾಸ್ಪತ್ರೆಯಲ್ಲೂ ಮನೋರೋಗ ವಿಭಾಗ ಇರುತ್ತದೆ. ದೇಶದಲ್ಲಿ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯೇ ನಮ್ಮ ಬಳ್ಳಾರಿ. 80ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರರಿಗೆ ತರಬೇತಿ ಕೊಟ್ಟು ಇದನ್ನು ಮಾಡಿ ತೋರಿಸಿದ್ದರು. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳ ಲಾಭ, ಬಸ್ ಚಾರ್ಜ್ ಬಿಟ್ಟರೆ ಖರ್ಚು ಕಮ್ಮಿ. ತೊಂದರೆ ಏನೆಂದರೆ ಡಾಕ್ಟರಿಗೆ ಸಮಯ ಇರುವುದಿಲ್ಲ. ಐದು ಹತ್ತು ನಿಮಿಷ ಸಿಗಬಹುದು. ಜೊತೆಗೆ ಸಾಲಿನಲ್ಲಿ ಪರಿಚಯದವರು ಸಿಕ್ಕೇ ಸಿಗುತ್ತಾರೆ.

ದೊಡ್ಡ ಕಾಯಿಲೆಗೆ, ಏನೆಂದು ಗೊತ್ತಾಗದ್ದಕ್ಕೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್. ಊರಲ್ಲಿ ಯಾರನ್ನಾದರೂ ಬಯ್ಯಬೇಕಾದರೆ 'ನಿಮ್ಹಾನ್ಸ್‌ಗೆ ಸೇರಿಸಬೇಕು' ಎನ್ನುವ ಚಾಳಿ ಇನ್ನೂ ಹೋಗಿಲ್ಲ. ಅಲ್ಲಿ ಒಂದು ದಿನ ಕೂತು ನೋಡಿದರೆ ಆ ಮಾತು ಬಾಯಿಗೆ ಬರುವುದಿಲ್ಲ. ಪಕ್ಕದಲ್ಲಿ ತಲೆನೋವಿನವರು, ಫಿಟ್ಸ್‌ನವರು, ಪಾರ್ಶ್ವವಾಯುವಿನವರು, ಪರೀಕ್ಷೆಗೆ ಹೆದರಿದ ಹುಡುಗರು. ಇಡೀ ದಿನ ಹಿಡಿಯುತ್ತದೆ, ಬೆಳಿಗ್ಗೆ ಬೇಗ ಹೋಗಿ, ಬುತ್ತಿ ಕಟ್ಟಿಕೊಂಡು ಹೋಗಿ.

ಖಾಸಗಿಯಲ್ಲಿ ಸಮಯ ಸಿಗುತ್ತದೆ, ಗುಟ್ಟು ಉಳಿಯುತ್ತದೆ, ಫೀಸು ಹೆಚ್ಚು. ಥೆರಪಿಗೆ ವಾರ ವಾರ ಹೋಗಬೇಕಾಗುತ್ತದೆ, ಅದನ್ನು ಲೆಕ್ಕ ಹಾಕಿಯೇ ಶುರು ಮಾಡಿ. ಆರೋಗ್ಯ ವಿಮೆ ಇದ್ದವರು ನೆನಪಿಡಿ, ಮೈ ಕಾಯಿಲೆಗೆ ಕೊಟ್ಟ ಹಾಗೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಎಂದು 2017ರ ಕಾಯ್ದೆ ಹೇಳುತ್ತದೆ. ನಿಮ್ಮ ಕಾಯಿಲೆಯ ವಿವರ ಗುಟ್ಟಾಗಿಡುವುದು ಕೂಡ ಅದೇ ಕಾಯ್ದೆಯಲ್ಲಿ ನಿಮ್ಮ ಹಕ್ಕು.

ಡಾಕ್ಟರಿಗೆ ಹೇಳಲೇಬೇಕಾದದ್ದು

ನಾವು ಡಾಕ್ಟರ ಮುಂದೆ ಪೂಜೆಯ ಮಾತು ಎತ್ತುವುದಿಲ್ಲ, ನಗುತ್ತಾರೆ ಎಂದು. ಹೇಳದಿದ್ದರೆ ಅಪಾಯ.

ಬೈಪೋಲಾರ್‌ಗೆ ಲಿಥಿಯಂ ತೆಗೆದುಕೊಳ್ಳುವವರು ನೀರೂ ಇಲ್ಲದ ಉಪವಾಸ ಮಾಡಿದರೆ, ಒಮ್ಮೆಲೇ ಉಪ್ಪು ಬಿಟ್ಟರೆ, ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ನಿರ್ಜಲ ಏಕಾದಶಿ ಇರಲಿ, ರಂಜಾನ್ ಇರಲಿ, ಉಪ್ಪಿಲ್ಲದ ವ್ರತ ಇರಲಿ, ಮೊದಲೇ ಡಾಕ್ಟರನ್ನು ಕೇಳಬೇಕು. ಶಿವರಾತ್ರಿ ಜಾಗರಣೆಯೂ ಹಾಗೆಯೇ. ಬೈಪೋಲಾರ್ ಇರುವವರಿಗೆ ಒಂದು ರಾತ್ರಿ ನಿದ್ದೆ ಕೆಟ್ಟರೂ ಉನ್ಮಾದ ಶುರುವಾಗಬಹುದು. ಜಾಗರಣೆ ಬಿಟ್ಟು ಸಂಜೆ ಪೂಜೆ ಮಾಡಿ ಮಲಗಿದರೆ ಶಿವ ಸಿಟ್ಟಾಗುವ ದೇವರಲ್ಲ ಎಂದು ನನ್ನ ನಂಬಿಕೆ. ಕಾಯಿಲೆಯವರಿಗೆ, ಬಾಣಂತಿಯರಿಗೆ, ವಯಸ್ಸಾದವರಿಗೆ ಉಪವಾಸದಿಂದ ರಿಯಾಯಿತಿ ಬಹುತೇಕ ಸಂಪ್ರದಾಯಗಳಲ್ಲಿ ಇದೆ. ಅದನ್ನು ಬಳಸಿಕೊಳ್ಳಿ.

ಖಿನ್ನತೆಯ ಗುಳಿಗೆ ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರದಲ್ಲಿ ಹೊಟ್ಟೆ ತೊಳೆಸುವುದು, ತಲೆನೋವು ಮಾತ್ರ ಬರಬಹುದು. ಸರಿಯಾಗಿ ಈ ಹೊತ್ತಿಗೇ ಮಂಡಳಿಯಲ್ಲಿ ಯಾರೋ 'ಅದೆಲ್ಲ ಚಟ ಹಿಡಿಸುತ್ತೆ, ಬಿಟ್ಬಿಡಿ' ಎನ್ನುತ್ತಾರೆ. ಖಿನ್ನತೆಯ ಗುಳಿಗೆ ಚಟ ಹಿಡಿಸುವುದಿಲ್ಲ. ಕೆಲವು ನಿದ್ದೆ ಗುಳಿಗೆಗಳಿಗೆ ಆ ಗುಣ ಇದೆ, ಅದಕ್ಕೇ ಅವನ್ನು ಸ್ವಲ್ಪ ದಿನಕ್ಕೆ ಮಾತ್ರ ಬರೆಯುತ್ತಾರೆ. ಯಾವುದನ್ನೂ ಒಮ್ಮೆಲೇ ನಿಲ್ಲಿಸಬಾರದು. ಹುಷಾರಾದ ಮೇಲೂ ಕೆಲವು ತಿಂಗಳು ಮುಂದುವರಿಸಬೇಕಾಗುತ್ತದೆ.

ಇನ್ನು, ನಿಮ್ಮ ನಂಬಿಕೆಯನ್ನು ಗೇಲಿ ಮಾಡುವ ಡಾಕ್ಟರೂ ಸಿಗಬಹುದು. ನನಗೆ ಎರಡನೆಯವರು ಹಾಗೇ ಸಿಕ್ಕರು, "ದೇವರು ಗೀವರು ಬಿಟ್ಟು ವಾಕಿಂಗ್ ಮಾಡಿ" ಎಂದರು. ಡಾಕ್ಟರನ್ನು ಬದಲಿಸಿದೆ. ಗುಳಿಗೆ ಬದಲಿಸಲಿಲ್ಲ, ಹಳೆಯ ಚೀಟಿ ಹೊಸಬರಿಗೆ ತೋರಿಸಿದೆ.

ಮಂಡಳಿಗೆ ಎಷ್ಟು ಹೇಳುವುದು

ಎಲ್ಲರಿಗೂ ಹೇಳಬೇಕಿಲ್ಲ. ಮನೆಯಲ್ಲಿ ಮದುವೆಗೆ ಬಂದ ಮಕ್ಕಳಿದ್ದರೆ ಈ ಹೆದರಿಕೆ ಇನ್ನೂ ಜಾಸ್ತಿ, ನನಗದು ಗೊತ್ತು. ಒಬ್ಬರಿಗೆ ಹೇಳಿ. 'ನಿದ್ದೆಗೆ ಡಾಕ್ಟರಿಗೆ ತೋರಿಸ್ತಿದ್ದೀನಿ' ಎಂದರೂ ಸಾಕು, ಸುಳ್ಳೂ ಅಲ್ಲ. ಸೇವೆಯ ಜವಾಬ್ದಾರಿ ಮಾತ್ರ ಕಮ್ಮಿ ಮಾಡಿಕೊಳ್ಳಿ. ಅಡುಗೆ ಮನೆಯ ಉಸ್ತುವಾರಿ, ಲೆಕ್ಕದ ಪುಸ್ತಕ ಆರು ತಿಂಗಳು ಬೇರೆಯವರ ಕೈಗೆ ಹೋಗಲಿ. ಬರೀ ಹಾಡಲು ಹೋಗಿ.

ಆ ಮೊದಲ ಮಂಗಳವಾರ ಅಕ್ಕ ನನ್ನ ಪಕ್ಕ ಬೆಂಚಿನ ಮೇಲೆ ಕೂತಿದ್ದರು. ಸೆರಗಿನೊಳಗೆ ಜಪಮಾಲೆ, ಮಡಿಲಲ್ಲಿ ನನ್ನ ಚೀಟಿ. ಟೋಕನ್ ಕೂಗಿದಾಗ ಅವರದು ಇನ್ನೂ ನೂರಾಎಂಟು ಮುಗಿದಿರಲಿಲ್ಲ. ಹಾಗೇ ಮಣಿ ಹಿಡಿದುಕೊಂಡು ಒಳಗೆ ಬಂದರು. ಡಾಕ್ಟರು ನನ್ನ ನಿದ್ದೆ ಕೇಳಿದರು, ತೂಕ ಕೇಳಿದರು, ಬೆಳಿಗ್ಗೆ ಪೂಜೆ ಎಷ್ಟು ಗಂಟೆಗೆ ಎಂದೂ ಕೇಳಿದರು. ಐದಕ್ಕೆ ಎಂದೆ. ಹಾಗಾದರೆ ಗುಳಿಗೆ ರಾತ್ರಿ ಎಂಟಕ್ಕೇ ತಗೊಳ್ಳಿ, ಬೆಳಿಗ್ಗೆ ಮಂಪರು ಇರೋದಿಲ್ಲ ಎಂದು ಬರೆದುಕೊಟ್ಟರು.

ಮುಂದಿನ ಗುರುವಾರ ತಾಳ ತಪ್ಪಿತು. ಅದರ ಮುಂದಿನ ಗುರುವಾರವೂ ತಪ್ಪಿತು. ಐದನೆಯದರಲ್ಲೋ ಆರನೆಯದರಲ್ಲೋ ಮಂಗಳಾರತಿ ಹೊತ್ತಿಗೆ ಕೋಸಂಬರಿಯ ವಾಸನೆಗೆ ಹೊಟ್ಟೆ ಹಸಿಯಿತು.

ಈಗ ಭಜನೆ ಮುಗಿದು ಚಪ್ಪಲಿ ಹಾಕಿಕೊಳ್ಳುವಾಗ ಆಗಾಗ ಯಾರಾದರೂ ಅಕ್ಕನ ಹತ್ತಿರ ನಿಧಾನ ಮಾಡುತ್ತಾರೆ. ಸುತ್ತ ನೋಡಿ, ದನಿ ತಗ್ಗಿಸಿ, ಮಗನ ವಿಷಯ, ಸೊಸೆಯ ವಿಷಯ, ಕೆಲವೊಮ್ಮೆ ತಮ್ಮದೇ ವಿಷಯ ಹೇಳುತ್ತಾರೆ. ಅಕ್ಕ ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಆಮೇಲೆ ಅವರ ಮಾತು ಪ್ರತಿ ಸಲವೂ ಒಂದೇ: "ಮಂಗಳವಾರ ಎಂಟು ಗಂಟೆಗೆ ಬಸ್ ಸ್ಟ್ಯಾಂಡಿಗೆ ಬಾ. ಆಧಾರ್ ಕಾರ್ಡ್ ಮರೀಬೇಡ."